ನಡುಮನೆಗೆ ಬಂದ ಸೂರ್ಯ

ಮೊನ್ನೆ ಪಾಂಡವಪುರದ ಪಾತ್ರೆ ಅಂಗಡಿಯೊಂದರಲ್ಲಿ ಕುಕ್ಕರಿಗೆ ರಬ್ಬರು ಹುಡುಕುತ್ತಿದ್ದೆ. ಮೂಲೆಯಲ್ಲಿ ತೂಕಕ್ಕೆ ಹಾಕಿದ್ದ ಹಳೇ ಸಾಮಾನಿನ ರಾಶಿಯಲ್ಲಿ ಒಂದು ಕಂಚಿನ ಒಳಲೆ ಕಂಡಿತು. ಅಂಗೈಯೊಳಗೆ ಅಡಗುವಷ್ಟು ಚಿಕ್ಕದು, ಒಂದು ಕಡೆ ಕೊಕ್ಕಿನ ಹಾಗೆ ಚಾಚಿಕೊಂಡ ಮೂತಿ. ಎತ್ತಿಕೊಂಡೆ. "ದೀಪಕ್ಕೆ ಎಣ್ಣೆ ಉಯ್ಯದು ಮೇಡಂ, ತಗಳಿ" ಅಂದ ಅಂಗಡಿಯವನು. ಅಲ್ಲಪ್ಪ, ಹಸುಗೂಸಿಗೆ ಹಾಲು ಕುಡಿಸುವುದು ಅಂತ ಹೇಳಲು ಬಾಯಿ ತೆರೆದವಳು ಅದರ ಮೂತಿಯನ್ನು ಬೆರಳಿನಿಂದ ಸವರುತ್ತ ನಿಂತೆ. ಮನೆಗೆ ಬಂದು ಕೈ ತೊಳೆದ ಮೇಲೂ ಬೆರಳಿಗೆ ಅಂಟಿದ ಕಂಚಿನ ವಾಸನೆ ಹೋಗಲಿಲ್ಲ. ಸಂಜೆಯೆಲ್ಲ ದೊಡ್ಡವ್ವನದೇ ನೆನಪು...

ದೊಡ್ಡವ್ವ ನನ್ನ ರಕ್ತಸಂಬಂಧಿಯಲ್ಲ. ನಾನು ಹುಟ್ಟಿದ್ದು ಮೇಲುಕೋಟೆಯ ದೇವಸ್ಥಾನದ ಮನೆತನದಲ್ಲಿ. ಮದುವೆಯಾದ ಹೊಸತರಲ್ಲಿ, ಅಕ್ಕಿಹೆಬ್ಬಾಳಿನ ಕಡೆಯ ಒಂದು ಹಳ್ಳಿಯ ಹೈಸ್ಕೂಲಿಗೆ ವಿಜ್ಞಾನದ ಟೀಚರಾಗಿ ಹೋದಾಗ ನಮಗೆ ಮನೆ ಬಾಡಿಗೆಗೆ ಕೊಟ್ಟವರು ಅವರು. ಊರಿನವರೆಲ್ಲ ದೊಡ್ಡವ್ವ ಅನ್ನುತ್ತಿದ್ದರು, ನಾವೂ ಹಾಗೇ ಕರೆದೆವು. ಅವರ ಹೆಂಚಿನ ಮನೆಗೂ ನಮ್ಮ ಎರಡು ಕೋಣೆಗೂ ನಡುವೆ ಒಂದೇ ಗೋಡೆ, ಮುಂದೆ ಒಂದೇ ಜಗಲಿ. ಮಗ ಗದ್ದೆ, ಡೈರಿ ಅಂತ ಓಡಾಡುತ್ತಿದ್ದ. ಸೊಸೆಗೆ ಮೂರು ಹಸುಗಳ ಚಾಕರಿ. ನಮ್ಮವರು ನಾಗಮಂಗಲದ ಕಚೇರಿಗೆಂದು ಬೆಳಿಗ್ಗೆ ಬಸ್ಸು ಹತ್ತಿದರೆ ಕತ್ತಲಾದ ಮೇಲೇ ಇಳಿಯುತ್ತಿದ್ದುದು. ಹಾಗಾಗಿ ಸ್ಕೂಲು ಬಿಟ್ಟು ಬಂದರೆ ನನ್ನ ಮಾತಿಗೆ ಸಿಕ್ಕುತ್ತಿದ್ದವರು ದೊಡ್ಡವ್ವ ಒಬ್ಬರೇ.

ಅವರ ದೇವರುಗಳೆಲ್ಲ ಅವರಿಗೆ ನೆಂಟರ ಹಾಗೆ. ಬೆಳಿಗ್ಗೆ ಬಾಗಿಲು ತೆಗೆದು, ಹೊಳೆಯ ಕಡೆಯಿಂದ ಸೂರ್ಯ ಮೇಲೇಳುವುದನ್ನು ಕಾದು ನಿಂತು, "ಬಂದ್ಯಾ ಸೂರಪ್ಪ, ಬಾ" ಅಂತ ಕೈ ಮುಗಿಯುವರು. ಮಳೆಗಾಲದಲ್ಲಿ ಎರಡು ದಿನ ಕಾಣದಿದ್ದರೆ ಮೂರನೆಯ ದಿನ ಬೈಗುಳ. "ಎಲ್ಲೋಗಿದ್ಯೋ? ರಾಗಿ ಒಣುಗ್ಬ್ಯಾಡ್ವಾ?" ನಾನು ನಮ್ಮ ಕೋಣೆಯೊಳಗೆ ಚಹಾ ಕುಡಿಯುತ್ತ ಕಿಸಕ್ಕನೆ ನಗುತ್ತಿದ್ದೆ.

ಆಗ ನನಗೆ ಇಪ್ಪತ್ತಾರು. ಎಲ್ಲವೂ ಗೊತ್ತು ಅನ್ನುವ ವಯಸ್ಸು. ಅಪ್ಪನ ಮನೆಯ ಮಡಿ ಮೈಲಿಗೆಯಿಂದ ತಪ್ಪಿಸಿಕೊಂಡು ಬಂದವಳಿಗೆ ವಿಜ್ಞಾನದ ಮೇಲೆ ಬೇರೆಯವರಿಗೆ ದೇವರ ಮೇಲಿರುವಷ್ಟೇ ಭಕ್ತಿ. ಒಂದು ಸಂಜೆ ದೊಡ್ಡವ್ವ ಜಗಲಿಯಲ್ಲಿ ಮೊರದಲ್ಲಿ ರಾಗಿ ಹಸನು ಮಾಡುತ್ತಿದ್ದರು. ನಾನು ಸಿಪ್ಪೆ ಸುಲಿಯದ ಒಂದು ತೆಂಗಿನಕಾಯಿ ತಂದು ಜಗಲಿಯ ಮೇಲಿಟ್ಟೆ. ಮೊರದಿಂದ ಒಂದು ರಾಗಿ ಕಾಳು ಎತ್ತಿಕೊಂಡು ಇಪ್ಪತ್ತೈದು ಹೆಜ್ಜೆ ನಡೆದು ತಿಪ್ಪೆಯ ಹತ್ತಿರ ನಿಂತು, "ಅದು ಸೂರ್ಯ ದೊಡ್ಡವ್ವ, ಇದು ಭೂಮಿ" ಅಂದೆ. ಅವರು ಮೊರ ಬದಿಗಿಟ್ಟು ನನ್ನ ಬಳಿಗೇ ಎದ್ದು ಬಂದರು. ಕಾಳನ್ನು ತಮ್ಮ ಅಂಗೈಗೆ ಹಾಕಿಸಿಕೊಂಡು ಕಣ್ಣಿನ ಹತ್ತಿರ ಹಿಡಿದರು.

"ಕೇಆರ್ ಪೇಟೆನೂ ಇದ್ರ ಮ್ಯಾಲೇ ಅದಾ?"

"ಕೇಆರ್ ಪೇಟೆ, ದಿಲ್ಲಿ, ಅಮೆರಿಕ ಎಲ್ಲ ಇದರ ಮೇಲೇ."

ಸೂರ್ಯನ ಪಕ್ಕದ ನಕ್ಷತ್ರ ಇನ್ನೊಂದು ತೆಂಗಿನಕಾಯಿ ಅಂದುಕೊಂಡರೆ, ಅದನ್ನಿಡಲು ದಿಲ್ಲಿಯ ಎರಡೂವರೆಯಷ್ಟು ದೂರ ಹೋಗಬೇಕು ಅಂತಲೂ ಹೇಳಿದೆ. ಇದನ್ನು ಮೊದಲ ಸಲ ಓದಿದಾಗ ನನಗೆ ಎರಡು ದಿನ ಅನ್ನ ಸೇರಿರಲಿಲ್ಲ. ನಾವು ಯಾರ ಲೆಕ್ಕಕ್ಕೂ ಇಲ್ಲ ಅನ್ನಿಸಿಬಿಟ್ಟಿತ್ತು. ದೊಡ್ಡವ್ವನಿಗೂ ಹಾಗೇ ಆಗಲಿ ಎಂಬ ಆಸೆ ಇತ್ತೇನೋ. "ಭಯ ಆಗಲ್ವಾ?" ಅಂತ ಕೇಳಿದೆ.

"ಭಯ ಯಾಕವ್ವ? ಅಷ್ಟು ದೂರದಿಂದ ದಿನಾ ತಪ್ದೆ ನಮ್ಮಟ್ಟಿ ಬಾಗ್ಲಿಗೆ ಬತ್ತಾನಲ್ಲ" ಅಂದರು. ವಾಪಸು ಬಂದು ಕಾಳನ್ನು ಮೊರಕ್ಕೇ ಹಾಕಿದರು.

ಆ ವರ್ಷ ಸಂಕ್ರಾಂತಿಯ ಮಾರನೆಯ ದಿನ ಮಧ್ಯಾಹ್ನ ಸೂರ್ಯಗ್ರಹಣ. ನಾನು ಐದು ತಿಂಗಳ ಬಸುರಿ. ಗ್ರಹಣ ಹಿಡಿದಾಗ ಒನಕೆಯನ್ನು ನೀರು ತುಂಬಿದ ಅಗಲವಾದ ತಟ್ಟೆಯೊಳಗೆ ನೆಟ್ಟಗೆ ನಿಲ್ಲಿಸುತ್ತಾರೆ, ಗ್ರಹಣ ಇರುವ ತನಕ ಅದು ಯಾರೂ ಹಿಡಿಯದೆ ನಿಲ್ಲುತ್ತದೆ, ಬಿಟ್ಟ ಕೂಡಲೇ ಬೀಳುತ್ತದೆ ಎಂಬ ನಂಬಿಕೆ ಆ ಕಡೆ ಮನೆಮನೆಯಲ್ಲೂ ಉಂಟು. ತಳ ಸಮನಾಗಿದ್ದರೆ ಯಾವತ್ತು ಬೇಕಾದರೂ ನಿಲ್ಲುತ್ತದೆ ಅಂತ ನಾನು ಒಂದು ವಾರ ಮೊದಲೇ ಕ್ಲಾಸಿನಲ್ಲಿ ಒನಕೆ ನಿಲ್ಲಿಸಿ ತೋರಿಸಿದೆ. ಸಂಜೆ ಮಕ್ಕಳು ಊರಲ್ಲಿದ್ದ ಒನಕೆಗಳನ್ನೆಲ್ಲ ನಡುಬೀದಿಯಲ್ಲಿ ನಿಲ್ಲಿಸಿ, ಒಂದು ಒನಕೆ ಯಾರದೋ ಕಾಲ ಮೇಲೆ ಬಿದ್ದು, ನನಗೆ ಸರಿಯಾಗಿ ಮಂಗಳಾರತಿ ಆಯಿತು. ದೊಡ್ಡವ್ವ ಮಾತ್ರ ಬಾಯಿಗೆ ಸೆರಗು ಅಡ್ಡ ಹಿಡಿದು ನಕ್ಕರು. "ಬ್ಯಾರೆ ದಿನಾನೂ ನಿಲ್ತದೆ ಅಂತ ನಂಗೂ ಗೊತ್ತು ಟೀಚ್ರಮ್ಮ. ಬ್ಯಾರೆ ದಿನ ಯಾರು ನಿಲ್ಲುಸ್ತಾರೆ?"

ಆದರೆ ಬಸುರಿಯಾಗಿದ್ದೂ ಗ್ರಹಣದಲ್ಲಿ ಹೊರಗೆ ಹೋಗುತ್ತೇನೆ ಅಂದಾಗ ಅವರು ನಗಲಿಲ್ಲ. ಬೆಳಿಗ್ಗೆಯೇ ಬಂದು ಬಾಗಿಲಲ್ಲಿ ನಿಂತರು. "ನೀವು ನಂಬಬ್ಯಾಡಿ, ಬುಡಿ. ನನ್ನ ಮಾತ್ಗೆ ಒಂದ್ ಮೂರ್ ಗಂಟೆ ಒಳಗೆ ಕುಂತ್ಕಳಿ. ಚಾಕು, ಕತ್ರಿ ಮಾತ್ರ ಮುಟ್ಬ್ಯಾಡಿ." ಅದೇ ಮಾತನ್ನು ಅಮ್ಮನೂ ಮೇಲುಕೋಟೆಯಿಂದ ಮೂರು ಸಲ ಫೋನು ಮಾಡಿ ಹೇಳಿದ್ದಳು. ನಾನು ಎಲ್ಲರ ಮಾತೂ ಕೇಳಿಸಿಕೊಂಡೆ. ರಟ್ಟು, ಗುಂಡುಸೂಜಿ, ಬಿಳಿ ಹಾಳೆಗಳ ಚೀಲ ಹೆಗಲಿಗೆ ಹಾಕಿಕೊಂಡು ಹೊರಟೆ. ದೊಡ್ಡವ್ವ ಆಗಲೇ ನಡುಮನೆಯಲ್ಲಿ ಒನಕೆ ನಿಲ್ಲಿಸಲು ತಟ್ಟೆಗೆ ನೀರು ಹಾಕುತ್ತಿದ್ದರು. ತಲೆ ಎತ್ತಿ ನೋಡಲಿಲ್ಲ.

ಸ್ಕೂಲಿನ ಮೈದಾನಕ್ಕೆ ಬಂದದ್ದು ಹನ್ನೊಂದು ಮಕ್ಕಳು. ಸೂಜಿತೂತು ಮಾಡಿದ ರಟ್ಟಿನ ಮೂಲಕ ಬಿಸಿಲು ಬಿಟ್ಟು, ಹಾಳೆಯ ಮೇಲೆ ಸೂರ್ಯ ಸವೆಯುವುದನ್ನು ಅವರಿಗೆ ತೋರಿಸಿದೆ. ರಟ್ಟುಗಳು ಸಾಲಲಿಲ್ಲ. ಚೀಲದಿಂದ ಬ್ಲೇಡು ತೆಗೆದು ಇನ್ನೊಂದು ದೊಡ್ಡ ರಟ್ಟನ್ನು ಮೊಣಕಾಲ ಮೇಲಿಟ್ಟುಕೊಂಡು ಕೊಯ್ದು ಹಂಚಿದೆ. ಅಮ್ಮ ಹೇಳಿದ್ದು, ದೊಡ್ಡವ್ವ ಹೇಳಿದ್ದು ಎರಡೂ ನೆನಪಿತ್ತು. ನೆನಪಿದ್ದೇ ಕೊಯ್ದೆ ಅಂತಲೂ ಹೇಳಬೇಕು, ಅಷ್ಟು ಜಂಬ.

ಗ್ರಹಣ ಹೆಚ್ಚಿದ ಹೊತ್ತಿಗೆ ಬಿಸಿಲಿನ ಬಣ್ಣವೇ ಬೇರೆಯಾಯಿತು. ಸಂಜೆಯದಲ್ಲ, ಮೋಡದ್ದಲ್ಲ, ಹಿಂದೆಂದೂ ನೋಡದ ಒಂದು ಕಂದು ಬೆಳಕು. ಗಾಳಿ ತಣ್ಣಗಾಯಿತು. ಬೇಲಿಯ ಮೇಲೆ ಕಚ್ಚಾಡುತ್ತಿದ್ದ ಮೈನಾಗಳು ಸುಮ್ಮನಾದವು. ಯಾಕೆ, ಹೇಗೆ ಎಲ್ಲ ನನಗೆ ಗೊತ್ತಿತ್ತು, ಆದರೂ ಹೆದರಿಕೆಯಾಯಿತು. ನನ್ನ ಕೈ ತಾನಾಗಿ ಹೊಟ್ಟೆಯ ಮೇಲೆ ಹೋಯಿತು. ಅದೇ ಗಳಿಗೆಯಲ್ಲಿ ಒಳಗೆ ಮಗು ಒಂದು ಸಲ ಮಿಸುಕಿತು.

ಮನೆಗೆ ಬಂದರೆ ದೊಡ್ಡವ್ವ ಒಳಗೆ ಬಿಡಲಿಲ್ಲ, ಹಿತ್ತಲ ಬಚ್ಚಲಿಗೆ ಕಳಿಸಿ ತಲೆಯ ಮೇಲೆ ಬಿಸಿನೀರು ಹುಯ್ದರು. ಸಿಟ್ಟಿರಲಿಲ್ಲ. ಮುಖದಲ್ಲಿ ಏನೋ ಕಂಡವರ ಕಳೆ. "ನಮ್ಮಟ್ಟಿಗೂ ಬಂದಿದ್ದ ಕಣವ್ವ" ಅಂದರು. ಹೆಂಚಿನ ಸಂದಿನಿಂದ ನಡುಮನೆಯ ನೆಲಕ್ಕೆ ದಿನಾ ಬೀಳುತ್ತಿದ್ದ ದುಂಡನೆಯ ಬಿಸಿಲು ಅವತ್ತು ಬಿದಿಗೆಯ ಚಂದ್ರನ ಹಾಗೆ ಕೊಯ್ದುಕೊಂಡು, ಒನಕೆಯ ಪಕ್ಕದಲ್ಲೇ ಬಿದ್ದಿತ್ತಂತೆ. ಮೂರು ಗಂಟೆಯೂ ಅದರ ಮುಂದೆ ಕೈ ಮುಗಿದು ಕೂತಿದ್ದರಂತೆ. ಹೆಂಚಿನ ಸಂದೂ ಸೂಜಿತೂತಿನ ಕೆಲಸವನ್ನೇ ಮಾಡಿತು ಅಂತ ನಾನು ವಿವರಿಸಿದೆ. "ಅಂಗಾರೆ ನೀವು ತೋರುಸಕ್ಕೆ ಓಗಿದ್ದೂ ನನ್ನಟ್ಟಿಗೆ ಬಂದಿದ್ದೂ ಒಂದೇಯಾ?" ಅಂತ ಕೇಳಿದರು. ಒಂದೇ ಅಂದೆ. "ಕಷ್ಟದಲ್ಲೂ ನೆಪ್ಪು ಮಡಗ್ಕಂಡು ಬಂದ ನೋಡಿ" ಅಂತ ಕಣ್ಣು ಒರೆಸಿಕೊಂಡರು. ಅವತ್ತು ನನಗೆ ನಗು ಬರಲಿಲ್ಲ.

ಮಗಳು ಹುಟ್ಟಿದ್ದು ಬೇಸಿಗೆ ಮುಗಿಯುವ ಹೊತ್ತಿಗೆ. ಮೇಲ್ತುಟಿ ಮೂಗಿನ ತನಕ ಸೀಳಿತ್ತು.

ತುಟಿ ಕೂಡಿಕೊಳ್ಳುವುದು ಎರಡನೇ ತಿಂಗಳು ಮುಗಿಯುವುದರೊಳಗೆ, ಐದನೇ ತಿಂಗಳ ಗ್ರಹಣಕ್ಕೂ ಇದಕ್ಕೂ ಸಂಬಂಧವಿಲ್ಲ ಅಂತ ಡಾಕ್ಟರು ಹೇಳುವ ಮೊದಲೇ ನನಗೆ ಗೊತ್ತಿತ್ತು. ನಾನೇ ಒಂಬತ್ತನೇ ಕ್ಲಾಸಿಗೆ ಹೇಳಬಲ್ಲ ಪಾಠ ಅದು. ಗೊತ್ತಿದ್ದು ಏನು ಬಂತು? ಕಣ್ಣು ಮುಚ್ಚಿದರೆ ಮೊಣಕಾಲ ಮೇಲಿನ ರಟ್ಟು, ಕೈಯಲ್ಲಿ ಬ್ಲೇಡು. ನನ್ನ ಮಗುವಿನ ತುಟಿಯನ್ನು ನಾನೇ ಕೊಯ್ದೆ ಅನ್ನಿಸುತ್ತಿತ್ತು. ಮೇಲುಕೋಟೆಯಲ್ಲಿ ಅಮ್ಮ ಬಾಯಿಬಿಟ್ಟು ಏನೂ ಅನ್ನಲಿಲ್ಲ, ಮಗುವಿನ ಮುಖ ನೋಡಿದಾಗೆಲ್ಲ ಸೆರಗಿನಲ್ಲಿ ಕಣ್ಣೊತ್ತಿಕೊಂಡಳು, ಅಷ್ಟೇ. ನೋಡಲು ಬಂದ ನೆಂಟರು ಅವಳು ಆಡದ ಮಾತನ್ನೂ ಆಡಿ ಮುಗಿಸಿದರು. ಬಾಣಂತನವನ್ನು ಒಂದೂವರೆ ತಿಂಗಳಿಗೇ ಮುಗಿಸಿ, ಅಮ್ಮ ಬೇಡ ಬೇಡ ಅಂದರೂ ಕೇಳದೆ ಬಾಡಿಗೆ ಮನೆಗೆ ಬಂದುಬಿಟ್ಟೆ.

ಅಲ್ಲಿ ಸುದ್ದಿ ನನಗಿಂತ ಮೊದಲೇ ಬಂದಿತ್ತು. ಬ್ಲೇಡಿನ ವಿಷಯವನ್ನು ಮಕ್ಕಳು ಅವತ್ತೇ ಮನೆಯಲ್ಲಿ ಹೇಳಿದ್ದವು. ಹೆಂಗಸರು ನೋಡಲು ಬರುವರು, ಮಗುವನ್ನು ನೋಡುವರು, ಆಮೇಲೆ ನನ್ನ ಕೈಗಳನ್ನು ನೋಡುವರು. ನಾನು ಬಾಗಿಲು ಹಾಕಿಕೊಂಡೆ. ಮಗುವಿಗೆ ಮೊಲೆ ಹಿಡಿಯಲು ಆಗುತ್ತಿರಲಿಲ್ಲ. ಹಾಲು ಹಿಂಡಿ ಚಮಚದಲ್ಲಿ ಕುಡಿಸಿದರೆ ಅರ್ಧ ಮೂಗಿನಿಂದ ಬರುತ್ತಿತ್ತು. ಕುಡಿಸುವಾಗ ಅದರ ಮುಖ ನೋಡದೆ ಗೋಡೆ ನೋಡುತ್ತಿದ್ದೆ. ಇದನ್ನು ಬರೆಯಲು ಈಗಲೂ ನಾಚಿಕೆಯಾಗುತ್ತದೆ.

ಮೂರನೇ ದಿನ ದೊಡ್ಡವ್ವ ಕೇಳದೇ ಕದ ತಳ್ಳಿಕೊಂಡು ಒಳಗೆ ಬಂದರು. ಕೈಯಲ್ಲಿ ತಮ್ಮ ಮನೆಯ ಒಳಲೆ, ಬಿಸಿನೀರಿನಲ್ಲಿ ಕುದಿಸಿ ತಂದದ್ದು. ಮಗುವನ್ನು ನನ್ನ ಮಡಿಲಿನಿಂದ ಎತ್ತಿಕೊಂಡು, ಮಲಗಿಸದೆ ತೊಡೆಯ ಮೇಲೆ ನೆಟ್ಟಗೆ ಕೂರಿಸಿ, ಕತ್ತಿನ ಹಿಂದೆ ಕೈಕೊಟ್ಟು, ಒಳಲೆಯ ಮೂತಿಯನ್ನು ಸೀಳು ಇಲ್ಲದ ಕಡೆಯ ಕೆನ್ನೆಗೆ ಆನಿಸಿ ಹನಿಹನಿಯಾಗಿ ಬಿಟ್ಟರು. ಮಗು ಗುಟುಕು ಗುಟುಕಾಗಿ ನುಂಗಿತು. ಒಂದು ತೊಟ್ಟೂ ಮೂಗಿಗೆ ಬರಲಿಲ್ಲ. ನಾನು ಬಿಕ್ಕಿ ಬಿಕ್ಕಿ ಅತ್ತೆ. ಅಮ್ಮನ ಮುಂದೆ ಆಡದ ಮಾತು ಅವರ ಮುಂದೆ ಬಾಯಿಗೆ ಬಂತು. "ನಾನೇ ಮಾಡಿದ್ದು ದೊಡ್ಡವ್ವ."

ಅವರು ಕುಡಿಸುವುದನ್ನು ನಿಲ್ಲಿಸಲಿಲ್ಲ. ಅಲ್ಲಿಯವರೆಗೆ ನೀವು, ಟೀಚ್ರಮ್ಮ ಅನ್ನುತ್ತಿದ್ದವರು ಅವತ್ತು ಮೊದಲ ಸಲ ನೀನು ಅಂದರು.

"ಅಳ್ಬ್ಯಾಡ ಮಗಾ. ನಂಗೂ ಒಂದು ಎಣ್ಣು ಕೂಸು ಇಂಗೇ ಉಟ್ಟಿತ್ತು. ನಮ್ಮುಡುಗನ್ಗಿಂತ ಮುಂಚೆ."

ನಾನು ತಲೆ ಎತ್ತಿದೆ. "ಆಗಲೂ ಗ್ರಹಣ ಬಂದಿತ್ತಾ?"

"ಬಂದಿತ್ತು. ಕದ ಆಕ್ಕಂಡು, ಕಂಬ್ಳಿ ವದ್ಕಂಡು, ಒಂದ್ ಕಡ್ಡಿನೂ ಮುರೀದಂಗೆ ಕುಂತಿದ್ದೆ. ನಮ್ಮತ್ತೆ ಪಕ್ಕದಲ್ಲೇ ಕಾವ್ಲಿದ್ಲು. ಆದ್ರೂ ಉಟ್ತು. ಒಳಗೆ ಕುಂತ್ರೂ ಉಟ್ತದೆ, ವರಗೆ ಓದ್ರೂ ಉಟ್ತದೆ."

ಆ ಕೂಸು ಚೆನ್ನಾಗಿಯೇ ಬೆಳೆಯಿತಂತೆ. ಮುದ್ದೆ ನುಂಗುತ್ತಿತ್ತಂತೆ, ಸೀಳಿನೊಳಗಿಂದ ನಾಲಿಗೆ ತೂರಿಸಿ ಅಣಕಿಸುತ್ತಿತ್ತಂತೆ. ನಾಲ್ಕು ವರ್ಷದ್ದಿದ್ದಾಗ ಮೈಮೇಲೆ ಅಮ್ಮ ಎದ್ದು, ಸಿಡುಬಿನಲ್ಲಿ ಹೋಗಿಬಿಟ್ಟಿತಂತೆ, ತುಟಿಯಿಂದಲ್ಲ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ, ಯಾರ ಮುಂದೆಯೂ ಎತ್ತಬೇಡ ಅಂದರು. ಆಮೇಲೆ ಮಗುವಿನ ಬಾಯಿ ಒರೆಸುತ್ತ ಹೇಳಿದರು.

"ನೀನೇ ಯೋಳಿದ್ಯಲ್ಲ, ತೆಂಗಿನ್ಕಾಯಿ, ರಾಗಿಕಾಳು ಅಂತ. ಅಷ್ಟು ದೊಡ್ಡೋನು, ಅಷ್ಟು ದೂರದಲ್ಲಿರೋನು, ರಾಗಿಕಾಳಿನ ಮ್ಯಾಲೆ ಯಾರೋ ಟೀಚ್ರಮ್ಮ ಬ್ಲೇಡು ಇಡುದ್ಲು ಅಂತ ನೋಡ್ಕಂಡು ಕುಂತಿರ್ತಾನಾ? ಬ್ಯಾರೆ ಕೆಲ್ಸ ಇಲ್ವಾ ಅವನ್ಗೆ?"

ಅಳುತ್ತಲೇ ನಗು ಬಂತು. ಎಷ್ಟೋ ಪುಸ್ತಕ ಓದಿ ಹೆದರಿಕೊಂಡಿದ್ದ ಆ ದೊಡ್ಡ ಖಾಲಿ ಆಕಾಶ ಅವತ್ತು ನನ್ನನ್ನು ಕಾಪಾಡಿತು. ನಾವು ಯಾರ ಲೆಕ್ಕಕ್ಕೂ ಇಲ್ಲ ಅನ್ನುವುದು ಇಷ್ಟು ಸಮಾಧಾನದ ಮಾತು ಅಂತ ನನಗೆ ಗೊತ್ತೇ ಇರಲಿಲ್ಲ. ಮಗುವನ್ನು ಇಸಿದುಕೊಂಡೆ. ಹುಟ್ಟಿದ ಮೇಲೆ ಅದರ ಮುಖವನ್ನು ಸರಿಯಾಗಿ ನೋಡಿದ್ದು ಅವತ್ತೇ. ಕಣ್ಣು ನಮ್ಮವರದು, ಹಣೆ ಅಮ್ಮನದು.

ಆರು ತಿಂಗಳಿಗೆ ಮೈಸೂರಿನಲ್ಲಿ ಆಪರೇಷನ್ ಆಗಿ ತುಟಿ ಕೂಡಿಕೊಂಡಿತು. ವಾಪಸು ಬಂದ ದಿನ ದೊಡ್ಡವ್ವ ತೋರುಬೆರಳಿನಿಂದ ಹೊಲಿಗೆಯ ಗುರುತನ್ನು ಮುಟ್ಟಿಯೂ ಮುಟ್ಟದ ಹಾಗೆ ಸವರಿ, ಒಳಲೆಯನ್ನು ನಮಗೇ ಇಟ್ಟುಕೊಳ್ಳಲು ಹೇಳಿದರು. ಎರಡು ವರ್ಷದ ನಂತರ ನನಗೆ ಪಾಂಡವಪುರಕ್ಕೆ ವರ್ಗವಾಯಿತು. ವರ್ಷಕ್ಕೊಮ್ಮೆ ಹೋಗಿ ನೋಡಿ ಬರುತ್ತಿದ್ದೆವು, ಆಮೇಲೆ ಅದೂ ತಪ್ಪಿತು... ಮಗಳ ಸ್ಕೂಲು, ನನ್ನ ಸ್ಕೂಲು, ಏನೇನೋ ನೆವ.

ಮಗಳಿಗೆ ಒಂಬತ್ತು ತುಂಬಿದ ವರ್ಷ ದೊಡ್ಡವ್ವ ತೀರಿಕೊಂಡರು. ಮಣ್ಣಿಗೆ ಹೋಗಲಾಗಲಿಲ್ಲ, ಹನ್ನೊಂದನೇ ದಿನದ ಕಾರ್ಯಕ್ಕೆ ಹೋದೆ. ಊಟವಾದ ಮೇಲೆ ನಡುಮನೆಯಲ್ಲಿ ಅವರ ತಂಗಿ, ಸೊಸೆ, ನಾನು ಮೂವರೇ ಉಳಿದೆವು. ತಂಗಿ ಕಿರಂಗೂರಿನಲ್ಲಿದ್ದವರು, ಅಕ್ಕನಷ್ಟೇ ಮುದುಕಿ. ಇನ್ನು ಹೇಳಿದರೆ ತಪ್ಪಿಲ್ಲ ಅನ್ನಿಸಿ, "ಪಾಪ, ಆ ಮೊದಲನೇ ಹೆಣ್ಣುಮಗುವಿನ ಹತ್ತಿರ ಹೋಗಿ ಸೇರಿಕೊಂಡರು" ಅಂದೆ.

"ಯಾವ ಎಣ್ಣು ಮಗ?" ಅಂದರು ತಂಗಿ.

ನಾನು ತಡವರಿಸುತ್ತ ಹೇಳಿದೆ. ಆಕೆ ನನ್ನನ್ನು ವಿಚಿತ್ರವಾಗಿ ನೋಡಿದರು. "ಏನವ್ವ ಇಂಗಂತೀರಿ? ನಮ್ಮಕ್ಕನ್ಗೆ ಮೊದಲ್ನೋನೇ ಈ ಮಗ. ಮೂರು ಬಾಣಂತನಕ್ಕೂ ಬಂದಿದ್ದೋಳು ನಾನೇಯ. ತುಟಿ ಸೀಳಿದ್ ಕೂಸೂ ಇಲ್ಲ, ಸತ್ತ ಕೂಸೂ ಇಲ್ಲ."

ಸೊಸೆ ಮಾತ್ರ ಬಾಯಿಯ ಮೇಲೆ ಕೈಯಿಟ್ಟುಕೊಂಡಳು. "ಅದೇ ಅನ್ನಿ ಆ ಸುಳ್ಳು..." ಅಂದಳು. ಆಮೇಲೆ ಹೇಳಿದಳು. "ನಿಮ್ಮ ಮಗಳು ಉಟ್ಟಿದ ವರ್ಸದಿಂದ ಯಾವ ಗ್ರಾಣ ಬಂದ್ರೂ ಅತ್ತೆ ವತ್ತಾರೆಯಿಂದ ಒಂದ್ ತೊಟ್ಟು ನೀರೂ ಮುಟ್ತಿರ್ಲಿಲ್ಲ. ಸಕ್ರೆ ಕಾಯ್ಲೆ ಬಂದ್ರೂ ಬುಡ್ಲಿಲ್ಲ. ಬುಟ್ಟ ಮ್ಯಾಲೆ ವೊಳೇಲಿ ಮುಳುಗಿ ಬಂದು, ಟೀಚ್ರಮ್ಮನ ಕೂಸಿನ ಮ್ಯಾಲೆ ಇನ್ನೇನೂ ಆಕ್ಬ್ಯಾಡಪ್ಪ, ಬ್ಲೇಡಿನ ತಪ್ಪೂ ನನ್ನ ಸುಳ್ಳೂ ಎಲ್ಡೂ ನನ್ ತಲೆ ಮ್ಯಾಲಿರ್ಲಿ ಅಂತ ಕೈ ಮುಗಿಯೋರು. ಯಾವ ಸುಳ್ಳು ಅತ್ತೆ ಅಂತ ಕೇಳುದ್ರೆ ಯೋಳ್ತಿರ್ಲಿಲ್ಲ."

ಅಂದರೆ ಅವರು ನಂಬಿದ್ದ ನಂಬಿಕೆ ಒಂದು ಕೂದಲೆಳೆಯಷ್ಟೂ ಅಲುಗಿರಲಿಲ್ಲ. ನನ್ನ ಬ್ಲೇಡೇ ಮಗುವಿನ ತುಟಿ ಸೀಳಿತು ಅಂತ ಕೊನೆಯ ತನಕ ನಂಬಿದ್ದರು. ನಂಬಿಯೂ ನನಗೆ ಅಲ್ಲ ಅಂದರು. ತಮ್ಮ ನೆಲದ ಮೇಲೆ ಬಂದು ಕೂರುತ್ತಾನೆ ಅಂತ ಕಣ್ಣಾರೆ ಕಂಡ ಸೂರಪ್ಪನನ್ನು ನನಗೋಸ್ಕರ ದೂರ ಮಾಡಿ, ಅವನಿಗೆ ನಮ್ಮ ಗೊಡವೆಯೇ ಇಲ್ಲ ಅಂತ ಹೇಳಿದರು. ಹುಟ್ಟದ ಮಗಳನ್ನು ಹುಟ್ಟಿಸಿ, ಸಾಯಿಸಿ, ಆ ಪಾಪಕ್ಕೆ ಒಬ್ಬರೇ ಉಪವಾಸ ಬಿದ್ದರು. ನಾಲಿಗೆ ತೂರಿಸಿ ಅಣಕಿಸುತ್ತಿದ್ದ ಆ ಹುಡುಗಿಯನ್ನು ನಾನು ಒಂಬತ್ತು ವರ್ಷ ಪ್ರೀತಿಸಿದ್ದೆ... ಆಕಾಶ ತೋರಿಸಿ, ನಾವೆಷ್ಟು ಚಿಕ್ಕವರು ನೋಡಿ ಅಂತ ಊರಿಗೆಲ್ಲ ಪಾಠ ಮಾಡಿದವಳು ನಾನು. ನಿಜವಾಗಿ ಚಿಕ್ಕವಳಾದದ್ದು ಆ ನಡುಮನೆಯಲ್ಲಿ ಕೂತಾಗ. ಅವರ ಕಾಲು ಹಿಡಿಯೋಣವೆಂದರೆ ಅವರೇ ಇರಲಿಲ್ಲ.

ಈಗ ಪಾಂಡವಪುರದಲ್ಲೂ ಗ್ರಹಣ ಬಂದರೆ ಮಕ್ಕಳನ್ನು ಮೈದಾನಕ್ಕೆ ಕರೆಯುತ್ತೇನೆ. ಹಿಂದಿನ ಸೂರ್ಯಗ್ರಹಣ ದೀಪಾವಳಿಯ ಮಾರನೆಯ ಸಂಜೆ ಬಂತು, ಸೂರ್ಯ ಗ್ರಹಣದಲ್ಲೇ ಮುಳುಗುವಂಥದ್ದು. ಮಕ್ಕಳೆಲ್ಲ ರಟ್ಟು ಹಿಡಿದು ಗಲಾಟೆ ಮಾಡುತ್ತಿದ್ದರು. ಮಗಳು ನನ್ನ ಪಕ್ಕ ಕಟ್ಟೆಯ ಮೇಲೆ ಕೂತು ಡಬ್ಬಿಯಿಂದ ಚಕ್ಕುಲಿ ತಿನ್ನುತ್ತಿದ್ದಳು. ನನಗೂ ಒಂದು ಚಾಚಿದಳು. ಬೇಡ ಅಂದೆ.

"ಬೆಳಿಗ್ಗೆಯಿಂದ ಕಾಫಿನೂ ಕುಡಿದಿಲ್ಲ ನೀನು. ಹೋದ ಗ್ರಹಣದಲ್ಲೂ ಹೀಗೇ ಮಾಡಿದೆ. ಗ್ರಹಣದಲ್ಲಿ ತಿಂದರೆ ಏನೂ ಆಗಲ್ಲ ಅಂತ ಕ್ಲಾಸಲ್ಲಿ ನೀನೇ ಹೇಳ್ತೀಯಲ್ಲಮ್ಮ?"

"ಏನೂ ಆಗಲ್ಲ" ಅಂದೆ.

"ಮತ್ತೆ?"

ಅವಳಿಗೆ ಹನ್ನೆರಡು ವರ್ಷ. ಬ್ಲೇಡಿನಿಂದ ಹಿಡಿದು ಹೊಳೆಯ ಸ್ನಾನದ ತನಕ ಎಲ್ಲವನ್ನೂ ಅಲ್ಲೇ ಹೇಳಿದೆ. ಮೊದಲ ಸಲ ಹೇಳಿದ್ದು. ಅವಳು ಸೂರ್ಯನ ಕಡೆಗೆ ಬೆನ್ನು ಹಾಕಿ, ಮೇಲ್ತುಟಿಯ ಗೆರೆಯನ್ನು ಬೆರಳಿನಿಂದ ಸವರಿಕೊಳ್ಳುತ್ತ ಕೇಳಿದಳು. ಹೇಳಿ ಮುಗಿಸಿದಾಗ ಕೈಯಲ್ಲಿದ್ದ ಅರ್ಧ ಚಕ್ಕುಲಿಯನ್ನು ಡಬ್ಬಿಗೇ ಹಾಕಿ, ಮುಚ್ಚಳ ಒತ್ತಿ, ಡಬ್ಬಿಯನ್ನು ಚೀಲದೊಳಗೆ ಇಟ್ಟಳು.

"ಮುಳುಗೋಕೆ ಇನ್ನೆಷ್ಟು ಹೊತ್ತಿದೆಯಮ್ಮ?" ಅಂತ ಕೇಳಿದಳು.

ಇನ್ನೊಂದು ಇಪ್ಪತ್ತು ನಿಮಿಷ ಅಂದೆ. ಇಬ್ಬರೂ ಕಾದೆವು.